ಕಂಪ್ಯೂಟರ್ ಕೋಣೆಯ ಕೀಲಿಕೈ ಮತ್ತು ವಾರದ ಹದಿನೆಂಟು ನಿಮಿಷ

ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ವರ್ಗವಾಗಿ ಹೋಗುವಾಗ, ತಮ್ಮ ಜಾಗಕ್ಕೆ ಬರುವವರಿಗೆ ಒಪ್ಪಿಸಿಕೊಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಬೆಂಚು, ಕಪಾಟು, ಗೋಡೆಯ ನಕಾಶೆ, ಬಿಸಿಯೂಟದ ಪಾತ್ರೆಗಳ ಜೊತೆಗೆ ಕಂಪ್ಯೂಟರುಗಳೂ ಇರುತ್ತವೆ. ದಾಸ್ತಾನು ವಹಿಯಲ್ಲಿ ಹತ್ತು ಎಂದು ಬರೆದಿದ್ದು ಕೋಣೆಯಲ್ಲಿ ಒಂಬತ್ತೇ ಕಂಡರೆ ಆ ಒಂದರ ಲೆಕ್ಕವನ್ನು ಅವರೇ ಕೊಡಬೇಕು; ಕಳವಾಗಿದ್ದರೆ ಪೊಲೀಸ್ ಠಾಣೆಗೂ ಬಿಇಒ ಕಚೇರಿಗೂ ಅವರೇ ಅಲೆಯಬೇಕು. ಆದರೆ ಹತ್ತೂ ಯಂತ್ರಗಳು ಐದು ವರ್ಷ ಬಟ್ಟೆ ಹೊದ್ದು ಕುಳಿತು, ಒಂದು ಮಗುವಿನ ಬೆರಳೂ ಸೋಕದೆ ಕೆಟ್ಟುಹೋದರೆ ಅದಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ವಿವೇಕವುಳ್ಳ ಯಾರಾದರೂ ಮಾಡುವುದನ್ನೇ ಮುಖ್ಯೋಪಾಧ್ಯಾಯರೂ ಮಾಡುತ್ತಾರೆ: ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ತಮ್ಮ ಮೇಜಿನ ಡ್ರಾವರಿನಲ್ಲಿ ಇಟ್ಟುಕೊಳ್ಳುತ್ತಾರೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಯ ಶಾಲೆಗಳಿಗೆ ಹೋಗಿಬಂದವರಿಗೆ ಈ ಕೋಣೆಯ ಪರಿಚಯ ಇದ್ದೇ ಇರುತ್ತದೆ. ಗೋಡೆಯ ಮೇಲೆ ಕಂಪ್ಯೂಟರಿನ ಭಾಗಗಳ ಬಣ್ಣದ ಚಿತ್ರ, ಮೂಲೆಯಲ್ಲಿ ಬ್ಯಾಟರಿ ಸತ್ತ ಯುಪಿಎಸ್, ಕಿಟಕಿಯ ಸಂದಿನಿಂದ ಒಳಬಂದು ಕೀಲಿಮಣೆಗಳ ಮೇಲೆ ಕುಳಿತ ಎರೆಮಣ್ಣಿನ ಧೂಳು.

ಶಾಲಾ ಶಿಕ್ಷಣದಲ್ಲಿ ಲ್ಯಾಪ್‌ಟಾಪ್, ಕಂಪ್ಯೂಟರ್ ಬೇಕೆ ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಎಣಿಕೆಯ ಚರ್ಚೆಯಾಗಿ ಮುಗಿಯುತ್ತದೆ. ಎಷ್ಟು ಶಾಲೆಗಳಿಗೆ ಕೊಟ್ಟರು, ಎಷ್ಟು ಕೋಟಿ ಖರ್ಚಾಯಿತು, ಯಾವ ತಾಲ್ಲೂಕಿಗೆ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದೇ ಸುದ್ದಿ. ಕೇಂದ್ರ ಶಿಕ್ಷಣ ಸಚಿವಾಲಯದ 2023-24ರ ಯುಡೈಸ್ (ಶಾಲೆಗಳ ಮಾಹಿತಿ ಸಂಗ್ರಹ) ವರದಿಯೂ ಹೀಗೆಯೇ ಎಣಿಸುತ್ತದೆ: ದೇಶದ ಶಾಲೆಗಳಲ್ಲಿ ಶೇ 57.2ರಷ್ಟರಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇತ್ತು, ಶೇ 53.9ರಷ್ಟರಲ್ಲಿ ಇಂಟರ್ನೆಟ್ ಇತ್ತು. ಈ ಎಣಿಕೆ ಬೇಕಾದದ್ದೇ. ಆದರೆ ಆ ಕೆಲಸ ಮಾಡುವ ಯಂತ್ರದ ಮುಂದೆ ಒಂದು ಮಗು ವಾರಕ್ಕೆ ಎಷ್ಟು ನಿಮಿಷ ಕುಳಿತಿತು, ಪಕ್ಕದಲ್ಲಿ ಯಾರಿದ್ದರು, ಪರದೆಯ ಮೇಲೆ ಬಂದ ಪಾಠ ಆ ಮಗುವಿಗೆ ಅರ್ಥವಾಗುವ ಮಟ್ಟದ್ದಾಗಿತ್ತೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಡೆದ ಒಳ್ಳೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಫಲಿತಾಂಶವನ್ನು ನಿರ್ಧರಿಸಿರುವುದು ಈ ಮೂರೇ ಸಂಗತಿಗಳು, ಯಂತ್ರಗಳ ಸಂಖ್ಯೆಯ ಪಾತ್ರ ಬಹಳ ಸಣ್ಣದು ಎಂದು ನನಗೆ ಅನ್ನಿಸುತ್ತದೆ.

ಶಾಲೆಗೆ ಕಂಪ್ಯೂಟರ್ ತರುವ ಪ್ರಯತ್ನ ನಮ್ಮ ದೇಶದಲ್ಲಿ ನಲವತ್ತು ವರ್ಷ ಹಳೆಯದು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟಿತ್ತು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ಸುಮಾರಿಗೆ ಶುರುವಾದ ‘ಮಾಹಿತಿ ಸಿಂಧು’ ಯೋಜನೆಯಿಂದ. ಸಾವಿರ ಶಾಲೆಗಳಲ್ಲಿ ಅದು ನಡೆಯಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಬಂತು, ಅದರ ಹಂತಗಳು ಒಂದಾದ ಮೇಲೊಂದು ಬಂದವು. ಈ ಯೋಜನೆಗಳ ಬೆನ್ನೆಲುಬಾಗಿದ್ದ ಒಪ್ಪಂದದ ಮಾದರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಕೀಲಿ ಬಿದ್ದ ಕೋಣೆಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ತಂದು ಕೂಡಿಸಬೇಕು, ಒಬ್ಬ ಬೋಧಕರನ್ನು ನೇಮಿಸಬೇಕು, ಐದು ವರ್ಷ ಲ್ಯಾಬ್ ನಡೆಸಬೇಕು, ಕೊನೆಗೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೊರಡಬೇಕು. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆ ಬೋಧಕರು ಕಡಿಮೆ ಸಂಬಳದ ಗುತ್ತಿಗೆ ನೌಕರರಾಗಿದ್ದರು, ಶಾಲೆಯ ಗಣಿತ ಅಥವಾ ವಿಜ್ಞಾನದ ಪಾಠದೊಂದಿಗೆ ಅವರಿಗೆ ಸಂಬಂಧವಿರಲಿಲ್ಲ; ಶಾಲೆಯ ಕಾಯಂ ಶಿಕ್ಷಕರ ಕಣ್ಣಿಗೆ ಆ ಕೋಣೆ ‘ಕಂಪ್ಯೂಟರ್ ಸರ್ ಅವರ ಕೋಣೆ’ ಆಗಿತ್ತು. ಐದು ವರ್ಷ ತುಂಬಿದ ದಿನ ಕಂಪ್ಯೂಟರ್ ಸರ್ ಮನೆಗೆ ಹೋದರು, ಐದು ವರ್ಷ ಹಳೆಯ ಯಂತ್ರಗಳು ಶಾಲೆಯ ಪಾಲಿಗೆ ಉಳಿದವು. ಬೇರೆಯಾಗಿ ಹೋಗುವ ಅಣ್ಣ ಮುದಿ ಎತ್ತುಗಳನ್ನು ತಮ್ಮನ ಕೊಟ್ಟಿಗೆಯಲ್ಲಿ ಕಟ್ಟಿ ಹೋದ ಹಾಗೆ ಅದು. ರಿಪೇರಿಗೆ ಹಣವಿಲ್ಲ, ಕಲಿಸಲು ಜನವಿಲ್ಲ, ಆದರೆ ದಾಸ್ತಾನು ವಹಿಯಲ್ಲಿ ಹೆಸರು ಮಾತ್ರ ಇದೆ.

ಪಕ್ಕದ ಕೇರಳ ಸರಿಸುಮಾರು ಅದೇ ವರ್ಷ, 2001ರಲ್ಲಿ, ‘ಐಟಿ ಅಟ್ ಸ್ಕೂಲ್’ ಆರಂಭಿಸಿ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಲ್ಲಿ ಒಬ್ಬರನ್ನು ಲ್ಯಾಬಿನ ಸಂಯೋಜಕರನ್ನಾಗಿ ಮಾಡಿದರು. ಪರವಾನಗಿ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶಗಳನ್ನು ಬಳಸಿದರು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಐಟಿಯನ್ನು ಒಂದು ವಿಷಯವಾಗಿ ಸೇರಿಸಿದರು. 2017ರಲ್ಲಿ ಆ ವ್ಯವಸ್ಥೆಯೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಗುತ್ತಿಗೆ ಮುಗಿದ ದಿನ ಎದ್ದು ಹೋಗುವವರು ಅಲ್ಲಿ ಯಾರೂ ಇರಲಿಲ್ಲ. ಕರ್ನಾಟಕ ಈ ಪಾಠವನ್ನು ತಡವಾಗಿಯಾದರೂ ಕಲಿತಿತು. 2016-17ರಿಂದ ನಡೆದ ‘ಟಾಲ್ಪ್’ ಎಂಬ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ವಿಷಯ ಶಿಕ್ಷಕರಿಗೇ ತರಬೇತಿ ಸಿಕ್ಕಿತು, ಗಣಿತದ ಮಾಸ್ತರರು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಕೋನದ ಮೂಲೆಯನ್ನು ಎಳೆದು ತೋರಿಸುವುದನ್ನು ಕಲಿತರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಮರಾಠಿಯ ಪ್ರಾಬಲ್ಯವಿದ್ದ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಲು ಹೊರಟ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಬಲ್ಲ ಮಾಸ್ತರರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಸ್ಕೂಲಿಗೆ ಅಷ್ಟು ಮಹತ್ವ ಕೊಟ್ಟದ್ದನ್ನು ಇಲ್ಲಿ ನೆನೆಯಬಹುದು. ವಿದ್ಯಾಕಾಶಿ ಎಂದು ಹೆಮ್ಮೆಪಡುವ ಊರಿಗೆ ಈ ಕ್ರಮ, ಮೊದಲು ಕಲಿಸುವವರು ಆಮೇಲೆ ಸಾಮಗ್ರಿ ಎಂಬುದು, ಹೊಸದಾಗಿರಬೇಕಿರಲಿಲ್ಲ.

ಇನ್ನು ಅಧ್ಯಯನಗಳ ವಿಷಯ. ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಎಂಬ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟವರು ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ. 2005ರಲ್ಲಿ ಅವರು ನೂರು ಡಾಲರಿನ ಲ್ಯಾಪ್‌ಟಾಪ್ ತಯಾರಿಸುವುದಾಗಿ ಘೋಷಿಸಿದರು. ಕೊನೆಗೆ ಅದರ ಬೆಲೆ ಸುಮಾರು ಇನ್ನೂರು ಡಾಲರಿಗೆ ಬಂದು ನಿಂತಿತು. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲಿ ಈ ಪ್ರಸ್ತಾವವನ್ನು ತಿರಸ್ಕರಿಸಿತು. ಅದನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಒಪ್ಪಿಕೊಂಡ ದೇಶ ಪೆರು. ಅಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಕೊಂಡರು. 2012ರಲ್ಲಿ ಹೊರಬಂದ, ಗ್ರಾಮೀಣ ಪೆರುವಿನ 319 ಶಾಲೆಗಳ ಅಧ್ಯಯನವನ್ನು ನಮ್ಮ ಶಾಸಕರೂ ಅಧಿಕಾರಿಗಳೂ ಒಮ್ಮೆ ಓದಬೇಕು. ಯಂತ್ರ ಪಡೆದ ಶಾಲೆಗಳಲ್ಲಿ ಮಗುವಿಗೆ ಸರಾಸರಿ 1.18 ಕಂಪ್ಯೂಟರ್ ಇದ್ದರೆ ಪಡೆಯದ ಶಾಲೆಗಳಲ್ಲಿ 0.12 ಇತ್ತು, ಅಂದರೆ ಹತ್ತು ಪಟ್ಟಿನ ಅಂತರ. ಸುಮಾರು 15 ತಿಂಗಳ ಬಳಿಕ ನೋಡಿದಾಗ ಗಣಿತದಲ್ಲಿ ಮತ್ತು ಭಾಷೆಯಲ್ಲಿ ಎರಡೂ ಗುಂಪುಗಳ ಮಕ್ಕಳ ನಡುವೆ ಅಂತರ ಕಾಣಲಿಲ್ಲ. ಸಾಮಾನ್ಯ ತರ್ಕಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಒಂದಿಷ್ಟು ಲಾಭ ಕಂಡಿತು. ಮಕ್ಕಳು ಯಂತ್ರವನ್ನು ಬಳಸಲೇ ಇಲ್ಲವೆಂದಲ್ಲ, ಚೆನ್ನಾಗಿಯೇ ಬಳಸಿದರು. ಆದರೆ ಆ ಬಳಕೆಗೂ ತರಗತಿಯ ಪಾಠಕ್ಕೂ ಸೇತುವೆ ಕಟ್ಟುವವರು ಇರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೇಶದ್ದೇ, ಗುಜರಾತಿನ ವಡೋದರಾದ್ದು. ಅಲ್ಲಿನ ನಗರಪಾಲಿಕೆಯ ಪ್ರಾಥಮಿಕ ಶಾಲೆಗಳಿಗೆ ರಾಜ್ಯ ಸರ್ಕಾರ 2000ದಲ್ಲಿ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಅವುಗಳಲ್ಲಿ ಬಹುಪಾಲು ಮಕ್ಕಳ ಕೈಗೆ ಬಂದಿರಲಿಲ್ಲ. ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಆ ಕೀಲಿ ಬಿದ್ದ ಯಂತ್ರಗಳನ್ನೇ ಬಳಸಿಕೊಂಡಿತು. ನಾಲ್ಕನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ವಾರಕ್ಕೆ ಎರಡು ತಾಸು ಕುಳಿತು ಗಣಿತದ ಆಟಗಳನ್ನು ಆಡಿದರು. ಒಂದು ತಾಸು ಶಾಲೆಯ ಅವಧಿಯಲ್ಲಿ, ಇನ್ನೊಂದು ಶಾಲೆಗೆ ಮೊದಲು ಅಥವಾ ಆಮೇಲೆ. ಜೊತೆಗೆ ಇದ್ದವರು ಆ ಭಾಗದವರೇ ಆದ, ಕೆಲವೇ ದಿನಗಳ ತರಬೇತಿ ಪಡೆದ ಯುವಕ-ಯುವತಿಯರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕಗಳು ಮೊದಲ ವರ್ಷ 0.35, ಎರಡನೆಯ ವರ್ಷ 0.47 ಪ್ರಮಾಣಿತ ವಿಚಲನೆಯಷ್ಟು ಏರಿದ್ದವು. ಈ ಪಾರಿಭಾಷಿಕ ಪದವನ್ನು ಬಿಡಿಸಿ ಹೇಳುವುದಾದರೆ, ನೂರು ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತಿದ್ದ ಮಗು ಎರಡನೆಯ ವರ್ಷದ ಏರಿಕೆಯಿಂದ, ಕೆಳಗಿನಿಂದ ಎಣಿಸಿದರೆ, ಸುಮಾರು 68ನೆಯ ಸ್ಥಾನಕ್ಕೆ ಸರಿದಂತೆ. ಸರ್ಕಾರಿ ಶಾಲೆಗಳಲ್ಲಿ ನಡೆಯುವ ಯಾವ ಪ್ರಯೋಗಕ್ಕೂ ಇದು ಸಣ್ಣ ಲಾಭವಲ್ಲ. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಅಳೆದಾಗ ಲಾಭದ ಬಹುಭಾಗ ಕರಗಿ 0.1ರ ಆಸುಪಾಸಿಗೆ ಇಳಿದಿತ್ತು ಎಂಬುದನ್ನೂ ಹೇಳಲೇಬೇಕು. ಲ್ಯಾಪ್‌ಟಾಪ್ ವಿತರಣೆಯ ವೇದಿಕೆಗಳಲ್ಲಿ ಈ ಎರಡನೆಯ ಅರ್ಧವನ್ನು ಯಾರೂ ಓದಿ ಹೇಳುವುದಿಲ್ಲ.

ಗುಜರಾತಿನಲ್ಲಿಯೇ ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಇನ್ನೊಂದು ಅಧ್ಯಯನ ಇನ್ನೂ ಕಿವಿಹಿಂಡುವಂಥದ್ದು. ಒಂದೇ ತಂತ್ರಾಂಶವನ್ನು ಎರಡು ಬಗೆಯಲ್ಲಿ ಬಳಸಲಾಯಿತು. ಶಾಲೆಯ ಅವಧಿಯ ನಂತರ, ಪಾಠಕ್ಕೆ ಹೆಚ್ಚುವರಿಯಾಗಿ ಬಳಸಿದ ಕಡೆ ಮಕ್ಕಳು ಮುಂದೆ ಹೋದರು; ಶಾಲೆಯ ಅವಧಿಯಲ್ಲಿ, ಶಿಕ್ಷಕರ ಪಾಠವನ್ನು ತೆಗೆದು ಆ ಜಾಗದಲ್ಲಿ ಯಂತ್ರವನ್ನು ಕೂಡಿಸಿದ ಕಡೆ ಮಕ್ಕಳು ಹಿಂದೆ ಬಿದ್ದರು. ಯಂತ್ರ ಒಂದೇ, ಪಾಠ ಒಂದೇ, ಬದಲಾದದ್ದು ವೇಳಾಪಟ್ಟಿ ಮಾತ್ರ.

ದೆಹಲಿಯಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಆರರಿಂದ ಒಂಬತ್ತನೆಯ ತರಗತಿಯ 619 ಮಕ್ಕಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಮೂರನೆಯ ಪ್ರಶ್ನೆಗೆ, ಅಂದರೆ ಮಟ್ಟದ ಪ್ರಶ್ನೆಗೆ, ಉತ್ತರ ಕೊಡುತ್ತದೆ. ಅದರ ಆರಂಭದ ಪರೀಕ್ಷೆಯಲ್ಲೇ ಒಂದು ಕಟುಸತ್ಯ ಗೊತ್ತಾಗಿತ್ತು: ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದೆ ಇತ್ತು, ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಆ ಅಂತರ ನಾಲ್ಕೂವರೆ ತರಗತಿಗೆ ಬೆಳೆದಿತ್ತು. ಇಂಥ ಮಗುವಿನ ಮುಂದೆ ಒಂಬತ್ತನೆಯ ತರಗತಿಯ ಪಠ್ಯಪುಸ್ತಕ ತೆರೆದಿಟ್ಟರೆ ಅದು ಕಣ್ಣು ಪುಸ್ತಕದ ಮೇಲಿಟ್ಟು ಗಂಟೆ ಹೊಡೆಯುವುದನ್ನು ಕಾಯುತ್ತದೆ. ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶ ಪ್ರತಿ ಮಗುವಿನ ನಿಜವಾದ ಮಟ್ಟವನ್ನು ಪತ್ತೆ ಮಾಡಿ ಅಲ್ಲಿಂದ ಆರಂಭಿಸಿತು. ಮಕ್ಕಳು ಶಾಲೆಯ ಹೊರಗಿನ ಕೇಂದ್ರದಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ 90 ನಿಮಿಷ ಕಲಿತರು. ಅರ್ಧ ಹೊತ್ತು ಯಂತ್ರದ ಮುಂದೆ, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಮುಂದೆ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣಿತ ವಿಚಲನೆಯಷ್ಟು ಏರಿಕೆ ಕಂಡಿತು. ಆದರೂ ಶಾಲಾ ಪರೀಕ್ಷೆಯ ಗಣಿತದ ಅಂಕಗಳಲ್ಲಿ ಈ ಏರಿಕೆ ಹಾಗೆಯೇ ಮೂಡಿಬರಲಿಲ್ಲ. ನಾಲ್ಕು ತರಗತಿ ಹಿಂದಿರುವ ಮಗು ಎರಡು ತರಗತಿಯಷ್ಟು ಮುಂದೆ ಬಂದರೂ ತನ್ನ ತರಗತಿಯ ಪ್ರಶ್ನೆಪತ್ರಿಕೆಗೆ ಅದು ಇನ್ನೂ ಹಿಂದೆಯೇ. ಎಸ್ಎಸ್ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಯಾರು ಎಷ್ಟನೆಯ ಸ್ಥಾನ ಎಂಬುದನ್ನೇ ಶಿಕ್ಷಣದ ಅಳತೆಗೋಲು ಮಾಡಿಕೊಂಡಿರುವ ನಮ್ಮ ಭಾಗದಲ್ಲಿ, ಇಂಥ ನಿಜವಾದ ಆದರೆ ಕಣ್ಣಿಗೆ ಕಾಣದ ಪ್ರಗತಿಗೆ ಹಣ ಕೊಡುವ ತಾಳ್ಮೆ ಯಾರಿಗಿದೆ ಎಂಬುದು ನನ್ನ ಅನುಮಾನ.

ಈಗ ನಮ್ಮ ಲ್ಯಾಬಿಗೆ ಬರೋಣ. ಹಾನಗಲ್ಲಿನ ಕಡೆಯದೋ ರೋಣದ ಕಡೆಯದೋ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಒಂದು ತರಗತಿಗೆ 45 ಮಕ್ಕಳು, ಲ್ಯಾಬಿನಲ್ಲಿ 10 ಯಂತ್ರಗಳು, ಎಲ್ಲವೂ ನಡೆಯುತ್ತಿವೆ, ಕರೆಂಟೂ ಇದೆ ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ವಾರಕ್ಕೆ 40 ನಿಮಿಷಗಳ ಎರಡು ಅವಧಿ ಕಂಪ್ಯೂಟರಿಗೆ ಸಿಕ್ಕರೆ ಒಟ್ಟು 80 ನಿಮಿಷ. ಒಂದು ಯಂತ್ರಕ್ಕೆ ನಾಲ್ಕೂವರೆ ಮಕ್ಕಳು. ಮೌಸ್ ಎಲ್ಲರ ಕೈಗೂ ಸಮನಾಗಿ ಹೋದರೆ ಮಗುವೊಂದಕ್ಕೆ ವಾರಕ್ಕೆ ಸಿಗುವುದು 18 ನಿಮಿಷ. ಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಜಾತ್ರೆಗಳನ್ನು ಕಳೆದು ವರ್ಷಕ್ಕೆ ನಿಜವಾಗಿ 30 ವಾರ ನಡೆದರೆ ಒಟ್ಟು ಒಂಬತ್ತು ತಾಸು. ದೆಹಲಿಯ ಪ್ರಯೋಗದ ಮಗು ಎರಡು ವಾರದಲ್ಲಿ ಯಂತ್ರದ ಮುಂದೆ ಕಳೆದಷ್ಟು ಹೊತ್ತನ್ನು ನಮ್ಮ ಮಗು ಇಡೀ ವರ್ಷದಲ್ಲಿ ಕಳೆಯುತ್ತದೆ. ಈ ಒಂಬತ್ತು ತಾಸಿನಲ್ಲಿ ಮೊದಲ ಎರಡು ತಾಸು ಕಂಪ್ಯೂಟರಿನ ಪಿತಾಮಹ ಯಾರು, ಸಿಪಿಯುವಿನ ವಿಸ್ತೃತ ರೂಪವೇನು ಎಂಬುದನ್ನು ಬಾಯಿಪಾಠ ಮಾಡುವುದರಲ್ಲಿ ಹೋಗುತ್ತದೆ. ಚಾರ್ಲ್ಸ್ ಬ್ಯಾಬೇಜ್ ಎಂಬ ಹೆಸರು ನಮ್ಮ ಹಳ್ಳಿಗಳ ಮಕ್ಕಳ ನಾಲಗೆಯ ಮೇಲಿರುವಷ್ಟು ಇಂಗ್ಲೆಂಡಿನ ಮಕ್ಕಳ ನಾಲಗೆಯ ಮೇಲೂ ಇರಲಾರದು.

ಮೌಸ್ ಸಮನಾಗಿ ಕೈ ಬದಲಾಯಿಸುತ್ತದೆ ಎಂಬುದೂ ಉದಾರ ಊಹೆಯೇ. ಐವರು ಕುಳಿತ ಕಡೆ ಗಟ್ಟಿಗನೊಬ್ಬ ಮೌಸ್ ಹಿಡಿಯುತ್ತಾನೆ, ಇಬ್ಬರು ಸಲಹೆ ಕೊಡುತ್ತಾರೆ, ಉಳಿದಿಬ್ಬರು ಹಿಂದಿನಿಂದ ಇಣುಕುತ್ತಾರೆ. ಹುಡುಗ-ಹುಡುಗಿಯರು ಕೂಡಿ ಕುಳಿತ ಕಡೆ ಇಣುಕುವವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್ ಸಂಶೋಧಕರು ಸುಮಾರು 2006ರ ಹೊತ್ತಿಗೆ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಇದನ್ನೇ ಗಮನಿಸಿ, ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಬರುವಂತೆ ಮಾಡಿದ್ದರು. ಬೆಲೆಯ ಲೆಕ್ಕದಲ್ಲಿ ನೋಡಿದರೆ ಅದಕ್ಕಿಂತ ಅಗ್ಗದ ಸುಧಾರಣೆ ಇರಲಾರದು, ಏಕೆಂದರೆ ಮೌಸ್ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಯಾವ ಅಂಗಡಿಯಲ್ಲಾದರೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೂ ಆ ವಿಚಾರ ನಮ್ಮ ಶಾಲೆಗಳ ಖರೀದಿ ಪಟ್ಟಿಗೆ ಬರಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಬರುವ ವಸ್ತುವಿಗೆ ಇರುವ ಮರ್ಯಾದೆ ಸಣ್ಣ ಪೊಟ್ಟಣದಲ್ಲಿ ಬರುವುದಕ್ಕೆ ಸಿಗುವುದು ಅಪರೂಪ.

ಮಗುವಿನ ಮಟ್ಟದಿಂದ ಆರಂಭಿಸುವ ತಂತ್ರಾಂಶದ ಗುಣ ನಮ್ಮ ಮೂರು ಜಿಲ್ಲೆಗಳಿಗೆ ಒಂದು ವಿಶೇಷ ಕಾರಣಕ್ಕೆ ಬೇಕು. ಗದಗ ಜಿಲ್ಲೆಯ ಒಣಭೂಮಿಯ ಊರುಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಮಕ್ಕಳು ಜೊತೆಗೆ ಹೋಗಿ ಕೆಲವು ತಿಂಗಳ ಬಳಿಕ ಮರಳುತ್ತಾರೆ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಅಲ್ಲಿನ ಶಿಕ್ಷಕರಿಗೆ ಗೊತ್ತು. ಭಿನ್ನರಾಶಿಯ ಪಾಠ ನಡೆಯುವಾಗ ಊರಲ್ಲಿರದ ಮಗು ಶೇಕಡಾವಾರಿನ ಪಾಠಕ್ಕೆ ಬಂದು ಕೂರುತ್ತದೆ. 45 ಮಕ್ಕಳಿರುವ ತರಗತಿಯಲ್ಲಿ ಆ ಒಂದು ಮಗುವಿಗಾಗಿ ಹಿಂದಕ್ಕೆ ಹೋಗುವುದು ಎಂಥ ಶ್ರದ್ಧೆಯ ಶಿಕ್ಷಕರಿಗೂ ಆಗದ ಕೆಲಸ. ಬಿಟ್ಟುಹೋದ ಜಾಗಕ್ಕೆ ಬೇಸರವಿಲ್ಲದೆ ಮತ್ತೆ ಮತ್ತೆ ಕರೆದುಕೊಂಡು ಹೋಗುವ ಕೆಲಸವನ್ನು ಯಂತ್ರ ನಿಜಕ್ಕೂ ಚೆನ್ನಾಗಿ ಮಾಡಬಲ್ಲದು. ಕಂಪ್ಯೂಟರಿನ ಪರವಾಗಿ ನಾನು ಬಲ್ಲ ಅತ್ಯಂತ ಗಟ್ಟಿಯಾದ ವಾದ ಇದು. ನಮ್ಮ ಲ್ಯಾಬುಗಳಲ್ಲಿ ಅತ್ಯಂತ ಕಡಿಮೆ ಬಳಕೆಯಾಗುವ ಗುಣವೂ ಇದೇ.

ಎರಡನೆಯದು ಭಾಷೆ. ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂಬ ನಂಬಿಕೆ ಪಾಲಕರಲ್ಲಿ ಮಾತ್ರವಲ್ಲ, ಶಿಕ್ಷಕರಲ್ಲಿಯೂ ಬೇರೂರಿದೆ. ಆದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇಪ್ಪತ್ತು ವರ್ಷಗಳಿಂದ ಸರ್ಕಾರಿ ಕಚೇರಿಗಳಲ್ಲಿದೆ, ಅದರ ಹಿಂದೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವಿದೆ. ಆ ವಿನ್ಯಾಸದಲ್ಲಿ ಒತ್ತಕ್ಷರ ಬರೆಯುವ ಬಗೆಯನ್ನು ಗಮನಿಸಿ. ‘ಸ್ತ್ರೀ’ ಎಂದು ಬರೆಯಬೇಕಾದರೆ ಮಗು ಸ, ಆಮೇಲೆ ಕೊಂಡಿಯ ಕೀಲಿ, ಆಮೇಲೆ ತ, ಮತ್ತೆ ಕೊಂಡಿ, ಆಮೇಲೆ ರ, ಕೊನೆಗೆ ಈಕಾರ ಎಂದು ಒಂದೊಂದಾಗಿ ಒತ್ತಬೇಕು. ಕಾಗದದ ಮೇಲೆ ಒಂದು ಗೊಂದಲದ ಚಿತ್ರದಂತೆ ಕಾಣುವ ಅಕ್ಷರ ಇಲ್ಲಿ ತನ್ನ ಕೂಡಿಕೆಯ ಕ್ರಮವನ್ನು ತಾನೇ ಬಿಚ್ಚಿ ತೋರಿಸುತ್ತದೆ. ಒತ್ತಕ್ಷರದಲ್ಲಿ ಎಡವುವ ಐದಾರನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಒಂದು ಅವಧಿ ಕನ್ನಡ ಟೈಪಿಂಗ್ ಕೊಟ್ಟು ನೋಡುವ ಪ್ರಯೋಗವನ್ನು ಧಾರವಾಡದ ಶಿಕ್ಷಕರ ತರಬೇತಿ ಸಂಸ್ಥೆಗಳು ಕೈಗೆತ್ತಿಕೊಳ್ಳಬಹುದು. ಇದು ನನ್ನ ಊಹೆ ಮಾತ್ರ, ಸಿದ್ಧವಾದ ಸಂಗತಿಯಲ್ಲ. ಆದರೆ ಖರ್ಚಿಲ್ಲದ ಊಹೆ.

ಅದಕ್ಕಿಂತ ಸಣ್ಣ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿ-ಕಲಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ವ್ಯವಸ್ಥೆಯನ್ನು ಬರೀ ಕಾಗದದ ಕಾರ್ಡುಗಳಿಂದ ಮಾಡಿ ತೋರಿಸಿದೆ. ಆ ವಯಸ್ಸಿನಲ್ಲಿ ಅಕ್ಷರ ತಿದ್ದುವ ಕೈಗೆ ಸೀಮೆಸುಣ್ಣ, ಪಾಟಿ, ಪೆನ್ಸಿಲ್ ಸಾಕು. ಓದಿನ ವಿಷಯದಲ್ಲಿ ಪುರಾವೆಯೂ ಆ ಕಡೆಗೇ ಇದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಓದುಗರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಮಾಹಿತಿಯುಳ್ಳ ಬರಹವನ್ನು ಪರದೆಗಿಂತ ಕಾಗದದಲ್ಲಿ ಓದಿದವರು ಹೆಚ್ಚು ಗ್ರಹಿಸುತ್ತಾರೆ ಎಂದು ಕಂಡುಕೊಂಡಿತು. ಸ್ವೀಡನ್ನಿನ ಸರ್ಕಾರ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ಹರಿಸಿತು. ಅಲ್ಲಿನವರು ಪರದೆಯಿಂದ ಹಿಂದಿರುಗುವ ಹೊತ್ತಿಗೆ ನಮ್ಮ ಒಂದನೆಯ ತರಗತಿಗೆ ಸ್ಮಾರ್ಟ್ ಬೋರ್ಡ್ ಬೇಕೆಂದು ದಾನಿಗಳನ್ನು ಹುಡುಕುವುದರಲ್ಲಿ ಅರ್ಥ ಕಾಣುವುದಿಲ್ಲ.

ಹಾಗೆಂದು ಪಾಲಕರ ಬೇಡಿಕೆಯನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಹುಬ್ಬಳ್ಳಿ-ಧಾರವಾಡದ ಖಾಸಗಿ ಶಾಲೆಗಳ ಬ್ಯಾನರುಗಳಲ್ಲಿ ಸ್ಮಾರ್ಟ್ ಕ್ಲಾಸ್, ರೊಬಾಟಿಕ್ಸ್ ಲ್ಯಾಬ್, ಕೋಡಿಂಗ್ ಎಂಬ ಮಾತುಗಳನ್ನು ದಿನವೂ ಓದುವ ಆಟೊ ಚಾಲಕರೊಬ್ಬರು ತಮ್ಮ ಮಗಳ ಕನ್ನಡ ಸಾಲಿಯಲ್ಲಿ ಅದಾವುದೂ ಇಲ್ಲದಿರುವುದನ್ನು ಗಮನಿಸದೆ ಇರುತ್ತಾರೆಯೆ? ಅವರು ಕೇಳುತ್ತಿರುವುದು ಯಂತ್ರದ ಜೊತೆಗೆ ಅಂತಸ್ತನ್ನೂ ಕೂಡ. ಆದರೆ ಖಾಸಗಿ ಶಾಲೆಯ ಆ ಲ್ಯಾಬಿನಲ್ಲಿಯೂ ಮಗುವಿಗೆ ಸಿಗುವ ನಿಮಿಷಗಳನ್ನು ಯಾರೂ ಎಣಿಸಿಲ್ಲ, ಮಾರುವವರ ಮಾತಿನ ಮೇಲೆಯೇ ಎಲ್ಲವೂ ನಡೆಯುತ್ತಿದೆ. ಯುನೆಸ್ಕೊದ 2023ರ ಜಾಗತಿಕ ವರದಿಯ ಪ್ರಕಾರ ಬ್ರಿಟನ್ನಿನ ಶಿಕ್ಷಣ ತಂತ್ರಜ್ಞಾನ ಕಂಪನಿಗಳಲ್ಲಿ ತಮ್ಮ ಸರಕನ್ನು ಯಾದೃಚ್ಛಿಕ ಪ್ರಯೋಗದಿಂದ (ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸುವ ಪ್ರಯೋಗದಿಂದ) ಪರೀಕ್ಷಿಸಿದವು ಶೇ 7 ಮಾತ್ರ.

ಮನೆಯ ಫೋನು ಶಾಲೆಯ ಕಂಪ್ಯೂಟರಿನ ಕೆಲಸ ಮಾಡುತ್ತದೆ ಎಂಬ ವಾದ ಕೋವಿಡ್ ಕಾಲದಲ್ಲಿಯೇ ಸೋತುಹೋಯಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ. ಶಾಲೆ ಮುಚ್ಚಿದಾಗ ಕರ್ನಾಟಕದಲ್ಲಿ ಶಿಕ್ಷಕರೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ‘ವಿದ್ಯಾಗಮ’ ನಡೆಸಬೇಕಾಯಿತು. ಈಗ ಫೋನು ಬಂದಿದೆ. 2024ರ ಅಸರ್ ಎಂಬ ಗ್ರಾಮೀಣ ಶಿಕ್ಷಣ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಅದರ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಬಲ್ಲವರ ಪೈಕಿ ಸ್ವಂತ ಫೋನು ಇದ್ದ ಹುಡುಗರು ಶೇ 36, ಹುಡುಗಿಯರು ಶೇ 27ಕ್ಕೂ ಕಡಿಮೆ. ಶಾಲೆಯ ಲ್ಯಾಬ್ ನಡೆದರೆ ಹೆಚ್ಚು ಲಾಭವಾಗುವುದು ಯಾರಿಗೆ ಎಂಬುದು ಈ ಕೊನೆಯ ಅಂಕಿಯಲ್ಲಿದೆ.

ಲ್ಯಾಬ್ ನಡೆಯಬೇಕಾದರೆ ಮೊದಲು ಕೀಲಿಕೈ ಮುಖ್ಯೋಪಾಧ್ಯಾಯರ ಡ್ರಾವರಿನಿಂದ ಹೊರಬರಬೇಕು. ಅದಕ್ಕೆ ಬೇಕಾದದ್ದು ಒಂದು ಆದೇಶ: ಮಕ್ಕಳು ಬಳಸಿ ಕೆಟ್ಟ ಯಂತ್ರಕ್ಕೆ ಮುಖ್ಯೋಪಾಧ್ಯಾಯರು ವೈಯಕ್ತಿಕವಾಗಿ ಹೊಣೆಯಲ್ಲ, ಮತ್ತು ಬಳಕೆಯ ದಿನಚರಿ ಪುಸ್ತಕದಲ್ಲಿ ಯಾವ ಮಗು ಯಾವ ದಿನ ಎಷ್ಟು ಹೊತ್ತು ಕುಳಿತಿತು ಎಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಬೇಕು ಎಂದು. ಎರಡನೆಯದು ರಿಪೇರಿಯ ಹಣ. ನವಲಗುಂದ-ನರಗುಂದದ ಎರೆಭೂಮಿಯ ಧೂಳು, ಕಲಘಟಗಿ-ಅಳ್ನಾವರದ ಮಳೆಗಾಲದ ತೇವ, ಏಪ್ರಿಲ್-ಮೇ ತಿಂಗಳ ಸಿಡಿಲಿನ ಹೊಡೆತ ಇವೆಲ್ಲವನ್ನೂ ತಡೆದುಕೊಂಡು ಯಂತ್ರ ಬಾಳಬೇಕಾದರೆ ಯುಪಿಎಸ್ ಬ್ಯಾಟರಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಅದನ್ನು ಖರೀದಿಯ ದಿನವೇ ಲೆಕ್ಕದಲ್ಲಿ ಇಡಬೇಕು. ಮೂರನೆಯದು, ಲ್ಯಾಬಿನ ಒಳ್ಳೆಯ ಯಂತ್ರವೊಂದು ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆ ಜಾಲದ ಮಾಹಿತಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕಚೇರಿಯ ಪಾಲಾಗುವುದನ್ನು ತಪ್ಪಿಸಲು ಕಚೇರಿಗೆ ಬೇರೆ ಯಂತ್ರ ಕೊಡಬೇಕು. ಇವು ಮೂರೂ ಸಣ್ಣ ಕೆಲಸಗಳು, ಉದ್ಘಾಟನಾ ಸಮಾರಂಭಕ್ಕೆ ಅವಕಾಶವಿಲ್ಲದವು.

ನಾಲ್ಕನೆಯದು ಹೊತ್ತು, ಅದೇ ಕಠಿಣವಾದದ್ದು. ಇರುವ ಹತ್ತೇ ಯಂತ್ರಗಳನ್ನು ವಾರದ ಐದು ದಿನ ಶಾಲೆಯ ಅವಧಿಯ ಹೊರಗೆ ಒಂದೊಂದು ತಾಸು ತೆರೆದಿಟ್ಟು, ಹಿಂದುಳಿದ 40 ಮಕ್ಕಳನ್ನು ಎರಡು ತಂಡ ಮಾಡಿ ಇಬ್ಬಿಬ್ಬರನ್ನು ಕೂಡಿಸಿದರೆ, ಪ್ರತಿ ಮಗುವಿನ ಕೈಗೆ ವಾರಕ್ಕೆ ಒಂದೂಕಾಲು ತಾಸು ಸಿಗುತ್ತದೆ. ಇಬ್ಬಿಬ್ಬರಾಗಿ ಎರಡು ತಾಸು ಕುಳಿತ ವಡೋದರಾದ ಮಕ್ಕಳ ಕೈಗೆ ತಲಾ ಸಿಕ್ಕ ಒಂದು ತಾಸಿಗಿಂತ ಅದು ಹೆಚ್ಚು, ಒಂದು ಹೊಸ ಯಂತ್ರವನ್ನೂ ಕೊಳ್ಳದೆ. ಜೊತೆಗೆ ಕೂರಲು ಊರಿನ ಪದವಿ ಓದುತ್ತಿರುವ ಹುಡುಗಿಯೊಬ್ಬಳಿಗೆ ಗೌರವಧನ ಕೊಟ್ಟರೆ ಸಾಕು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಹಲವಕ್ಕೆ ಕಂಪ್ಯೂಟರ್ ಬಂದಿರುವುದರಿಂದ ಅಲ್ಲಿಯೂ ಇದನ್ನು ಮಾಡಬಹುದು. ತೊಡಕು ಇರುವುದು ಬೇರೆ ಕಡೆ. ನಮ್ಮ ಪ್ರೌಢಶಾಲೆಗಳಿಗೆ ಸುತ್ತಲಿನ ನಾಲ್ಕೈದು ಊರುಗಳಿಂದ ಮಕ್ಕಳು ಬರುತ್ತಾರೆ, ಸಂಜೆ ಶಾಲೆ ಬಿಟ್ಟ ಮೇಲೆ ಅವರ ಊರಿಗೆ ಇರುವುದು ಒಂದೇ ಬಸ್ಸು, ಅದು ತಪ್ಪಿದರೆ ಹೆಣ್ಣುಮಕ್ಕಳನ್ನು ಮರುದಿನ ಶಾಲೆಗೇ ಕಳಿಸುವುದಿಲ್ಲ. ಆದ್ದರಿಂದ ಈ ತಾಸನ್ನು ಬೆಳಗ್ಗೆ ಶಾಲೆ ಆರಂಭವಾಗುವ ಮೊದಲೇ ಇಡಬೇಕು. ಅದಕ್ಕೆ ಬೆಳಗಿನ ಬಸ್ಸು ಒಂದು ತಾಸು ಮುಂಚೆ ಬರಬೇಕು, ಆ ಪತ್ರವನ್ನು ಎಸ್‌ಡಿಎಂಸಿ ಅಧ್ಯಕ್ಷರು ಬರೆಯಬೇಕಾದದ್ದು ಶಿಕ್ಷಣ ಇಲಾಖೆಗಲ್ಲ, ವಾಯವ್ಯ ಸಾರಿಗೆಯ ಡಿಪೊ ಮ್ಯಾನೇಜರಿಗೆ.